ಕರಟದ ಚಿಪ್ಪಿ, ಭಾಗ 2: ಏಳನೇ ವಾರ

ಈ ವಾರದ ಲೆಕ್ಕ ಮೊದಲು. ಗೊಂಬೆಯನ್ನು ಚೂರುಚೂರೇ ಸರಿಸಿ, ಒಂದೊಂದೇ ಫೋಟೋ ತೆಗೆದು, ಸಾಲಾಗಿ ಓಡಿಸುವ ಸಿನಿಮಾ ನಮ್ಮದು. ಇಲ್ಲಿಯವರೆಗೆ 636 ಫೋಟೋ, ಅಂದರೆ 53 ಸೆಕೆಂಡ್. ಬೇಕಿರುವುದು ಮೂರು ನಿಮಿಷ. ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮಿನಲ್ಲಿ, ಅಂದರೆ 24 ಚಿತ್ರ. ನಾನು 12 ಫೋಟೋ ತೆಗೆದು ಒಂದೊಂದನ್ನೂ ಎರಡು ಸಲ ತೋರಿಸುತ್ತೇನೆ. ಆದರೂ ಒಟ್ಟು 2,160 ಫೋಟೋ ಆಗಬೇಕು.

ಹೊಸಬರಿಗೆ ಹೇಳುವುದಾದರೆ, ಚಿಪ್ಪಿ ನಮ್ಮ ಸಿನಿಮಾದ ಹುಡುಗಿ. ತಲೆ ತಿಪಟೂರಿನ ಅಜ್ಜಿ ಮನೆಯಿಂದ ಬಂದ ಪುಟ್ಟ ಕರಟ, ಜಡೆ ತೆಂಗಿನ ನಾರು, ಕೈಕಾಲು ಬೈಂಡಿಂಗ್ ವೈರ್. ಮೂರು ವರ್ಷದ ಹಿಂದೆ ಮೊದಲ ಭಾಗಕ್ಕೆ ನನ್ನ ಮಗಳೇ ದನಿ ಕೊಟ್ಟಿದ್ದಳು. ಆಗ ಅವಳಿಗೆ ಆರು, ಈಗ ಒಂಬತ್ತು. ಅದೇ ಹಳೇ ದನಿಯಲ್ಲಿ ಹೇಳಮ್ಮ ಅಂದೆ. "ಅಪ್ಪಾ, ಚಿಪ್ಪಿ ಇನ್ನೂ ತೊದಲ್ತಾಳಾ? ಅವಳೇನು ದೊಡ್ಡೋಳೇ ಆಗಲ್ವಾ?" ಅಂದಳು.

ಈ ತಲೆನೋವು ದೊಡ್ಡ ಸ್ಟುಡಿಯೋದವರನ್ನೂ ಬಿಟ್ಟಿಲ್ಲ. 'ಇನ್‌ಕ್ರೆಡಿಬಲ್ಸ್ 2' ಬಂದದ್ದು 2018ರಲ್ಲಿ, ಮೊದಲನೆಯದು ಬಂದು 14 ವರ್ಷಕ್ಕೆ. ಕಥೆ ಮಾತ್ರ ಅಲ್ಲಿ ನಿಂತ ಜಾಗದಿಂದಲೇ ಶುರು. ಅಷ್ಟರಲ್ಲಿ ಅದರ ಪುಟ್ಟ ಹುಡುಗ ಡ್ಯಾಶ್‌ಗೆ ದನಿ ಕೊಟ್ಟಿದ್ದ ಹುಡುಗನ ಗಂಟಲು ಒಡೆದಿತ್ತು, ಬೇರೆ ಹುಡುಗನನ್ನು ತಂದರು. 2010ರ 'ಟಾಯ್ ಸ್ಟೋರಿ 3'ರಲ್ಲಿ ಹಾಗಲ್ಲ. ಆಟಿಕೆಗಳ ಒಡೆಯ ಹುಡುಗ ಆಂಡಿಯನ್ನೇ ಕಾಲೇಜಿಗೆ ಹೊರಡುವಷ್ಟು ಬೆಳೆಸಿದರು. ದನಿ ಕೂಡ 1995ರಲ್ಲಿ ಕೊಟ್ಟಿದ್ದ ಹುಡುಗನದೇ. ನನಗೆ ಈ ದಾರಿಯೇ ಸರಿ. ಬೇರೆ ಮಗು ಎಲ್ಲಿಂದ ತರಲಿ?

ಹಾಗಾಗಿ ಚಿಪ್ಪಿಗೂ ಈಗ ಒಂಬತ್ತು. ಸ್ವಲ್ಪ ದೊಡ್ಡ ಕರಟ ಹುಡುಕಿದ್ದಾಯಿತು. ಕಥೆ ಇಷ್ಟೇ: ಅಮಾನಿಕೆರೆ ಹತ್ತಿರ ಒಬ್ಬಳೇ ಸೈಕಲ್ ಹೊಡೆಯುತ್ತೇನೆ ಅನ್ನುತ್ತಾಳೆ. ಅವಳ ಅಪ್ಪ ಕರಟಪ್ಪ ಹೂಂ ಅಂದು, ಕದ್ದು ಹಿಂದೆ ಹೋಗುತ್ತಾನೆ. (ನಾನು ಹಾಗೆಲ್ಲ ಮಾಡುವವನಲ್ಲ. ಒಂದೇ ಸಲ ಮಾಡಿದ್ದು.)

ಬುಧವಾರ ಕೆಲಸ ಕೆಟ್ಟಿತು. ಕಿಟಕಿ ಬೆಳಕಲ್ಲಿ ತೆಗೆದ 40 ಫೋಟೋ ಓಡಿಸಿದರೆ ಟ್ಯೂಬ್‌ಲೈಟ್ ಕೆಟ್ಟ ಹಾಗೆ ಮಿಣಮಿಣ. ಮೋಡ ಒಂದು ಕಾರಣ. ಇನ್ನೊಂದು ನನ್ನ ಬಿಳಿ ಬನಿಯನ್! ಒಂದು ಫೋಟೋಗೆ ಹತ್ತಿರ, ಇನ್ನೊಂದಕ್ಕೆ ದೂರ ನಿಂತರೆ ಅದರ ಬೆಳಕು ಗೊಂಬೆ ಮೇಲೆ ಹೆಚ್ಚುಕಡಿಮೆ ಬೀಳುತ್ತದೆ. ಈಗ ಕಿಟಕಿಗೆ ಕಂಬಳಿ, ಎರಡು ಎಲ್‌ಇಡಿ ಬಲ್ಬು, ಫೋನಿನಲ್ಲಿ ಎಕ್ಸ್‌ಪೋಶರ್ ಲಾಕ್ (ಕ್ಯಾಮೆರಾ ತಾನಾಗಿ ಬೆಳಕು ಹೆಚ್ಚುಕಡಿಮೆ ಮಾಡದ ಹಾಗೆ), ನನಗೆ ಕಪ್ಪು ಅಂಗಿ. ಸೆಖೆ ಜಾಸ್ತಿ, ಮಿಣಮಿಣ ಇಲ್ಲ.

ಇನ್ನು ಬಾಯಿ. ಕರಟ ಬಾಯಿ ಬಿಡಲ್ಲವಲ್ಲ, ಅದಕ್ಕೆ ಕಾಗದದ ಐದು ಬಾಯಿ ಕತ್ತರಿಸಿಟ್ಟಿದ್ದೇವೆ: ಮುಚ್ಚಿದ್ದು, ದುಂಡಗಿನದು, ಅಗಲದ್ದು, ಹೀಗೆ. ಮಾತಿಗೆ ತಕ್ಕಂತೆ ಒಂದು ಕಿತ್ತು ಇನ್ನೊಂದು ಅಂಟಿಸುವುದು. ದನಿ ಮೊದಲು ರೆಕಾರ್ಡ್ ಮಾಡಿಕೊಂಡು ಆಮೇಲೆ ಫೋಟೋ ತೆಗೆಯಬೇಕು. ಗೊತ್ತಿದ್ದೂ ಅವಸರಪಟ್ಟೆ. ಚಿಪ್ಪಿ ಗೇಟಿನ ಹತ್ತಿರ "ಅಪ್ಪಾ, ಹೋಗ್ತೀನಿ" ಅನ್ನುವುದನ್ನು ಶನಿವಾರವೇ ಮುಗಿಸಿದೆ.

ಭಾನುವಾರ ಮಗಳು ಮೈಕ್ ಮುಂದೆ ಕೂತು "ಅಪ್ಪಾ, ಬರ್ತೀನಿ" ಅಂದಳು. ಸ್ಕ್ರಿಪ್ಟ್ ತೋರಿಸಿದೆ.

"ಹೋಗ್ತೀನಿ ಅನ್ನಬಾರದು. ಅಜ್ಜಿ ಬೈತಾರೆ."

"ಹೋ"ಗೆ ದುಂಡು ಬಾಯಿ. "ಬ"ಗೆ ತುಟಿ ಮುಚ್ಚಲೇಬೇಕು. ಎಷ್ಟು ಎಳೆದಾಡಿದರೂ ಹೊಂದುವುದಿಲ್ಲ. ಒಂಬತ್ತು ಫೋಟೋ ಮತ್ತೆ ತೆಗೆಯಬೇಕು. ಸೈಕಲ್ ಆಗಲೇ ಗೇಟು ದಾಟಿಹೋಗಿತ್ತು. ವಾಪಸ್ ತಂದು ಒಳಗೆ ನಿಲ್ಲಿಸಿದ್ದೇನೆ.