ಕುದುರೆ ಒದೆತ ಮತ್ತು ಪಾಯ್ಸನ್

ಸ್ಟ್ಯಾಟಿಸ್ಟಿಕ್ಸ್ ಕ್ಲಾಸಿನಲ್ಲಿ ನಾನು ಪಾಯ್ಸನ್ ಹಂಚಿಕೆಯನ್ನು (ಅಪರೂಪದ ಘಟನೆ ಎಷ್ಟು ಸಲ ಆಗಬಹುದು ಅಂತ ಹೇಳುವ ಲೆಕ್ಕ) ಸೂತ್ರದಿಂದ ಶುರು ಮಾಡುವುದಿಲ್ಲ. ಹಿಂದಿನ ಜರ್ಮನ್ ರಾಜ್ಯವಾದ ಪ್ರಶ್ಯದ ಸೈನ್ಯದಿಂದ ಶುರು ಮಾಡುತ್ತೇನೆ. 1898ರಲ್ಲಿ ಬೋರ್ಟ್‌ಕೆವಿಚ್ ಎಂಬ ಪಂಡಿತರು ಕುದುರೆ ಒದ್ದು ಸತ್ತ ಸೈನಿಕರ ಲೆಕ್ಕ ಪ್ರಕಟಿಸಿದರು. ಅದರಲ್ಲಿ ಹೆಚ್ಚು ಬಳಕೆಯಲ್ಲಿರುವ ಭಾಗ 10 ದಳಗಳ 20 ವರ್ಷದ್ದು, ಅಂದರೆ ಒಂದು ದಳದ ಒಂದು ವರ್ಷಕ್ಕೆ ಒಂದರಂತೆ 200 ದಾಖಲೆ. ಸತ್ತವರು 122. ದಾಖಲೆಗೆ ಸರಾಸರಿ 0.61.

ಈ ಒಂದೇ ಸಂಖ್ಯೆಯನ್ನು ಸೂತ್ರಕ್ಕೆ ಹಾಕಿ ನೋಡಿ. ಒಂದೂ ಸಾವಿಲ್ಲದ ದಾಖಲೆ ಸುಮಾರು 108.7 ಇರಬೇಕು ಅನ್ನುತ್ತದೆ. ಇದ್ದದ್ದು 109! ಒಂದು ಸಾವಿನವು 66.3 ಇರಬೇಕು, ಇದ್ದದ್ದು 65. ಪಾಯ್ಸನ್‌ನಲ್ಲಿ ಸರಾಸರಿಯೂ ವೇರಿಯನ್ಸೂ (ಸಂಖ್ಯೆಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆ) ಒಂದೇ ಇರಬೇಕು. ಇಲ್ಲಿ ವೇರಿಯನ್ಸ್ ಕೂಡ 0.61. ಎಷ್ಟು ಸಲ ನೋಡಿದರೂ ನನಗೆ ಖುಷಿಯಾಗುತ್ತದೆ.

ಒಂದು ದಳದಲ್ಲಿ ಒಂದೇ ವರ್ಷ ನಾಲ್ವರು ಸತ್ತಿದ್ದರು. ಅಲ್ಲಿನ ಕುದುರೆಗಳೇ ಸರಿಯಿಲ್ಲ ಅನಿಸುತ್ತದೆ, ಅಲ್ವಾ? ಆದರೆ 200ರಲ್ಲಿ ಅಂಥದ್ದೊಂದು ಸುಮ್ನೆ ಆಕಸ್ಮಿಕವಾಗಿಯೂ ಬರಬಹುದು. ವಿದ್ಯಾರ್ಥಿಗಳು ಜಾಸ್ತಿ ವಾದ ಮಾಡುವುದೂ ಇಲ್ಲೇ.

ಬೈನಾಮಿಯಲ್ (ಇಂತಿಷ್ಟು ಪ್ರಯತ್ನಗಳಲ್ಲಿ ಘಟನೆ ಎಷ್ಟು ಸಲ ಆಗಬಹುದು ಅಂತ ಹೇಳುವ ಹಂಚಿಕೆ) ಯಾಕೆ ಬೇಡ ಅಂತ ಕೇಳುತ್ತಾರೆ. ಅದಕ್ಕೆ ಒಟ್ಟು ಎಷ್ಟು ಸಲ ಅಪಾಯ ಎದುರಾಯಿತು ಅಂತ ಗೊತ್ತಿರಬೇಕು. ಸೈನಿಕರು ಕುದುರೆಯ ಹಿಂದೆ ಎಷ್ಟು ಸಲ ಹಾದುಹೋದರು ಅಂತ ಯಾರೂ ಎಣಿಸಿರಲಿಲ್ಲ.