ಅದು ಬೇಕಾ ನಿಂಗೆ?

ಸೋಮವಾರ ಡಯಾಲಿಸಿಸ್ ವಾರ್ಡಿಗೆ ಚಿಕ್ಕಮ್ಮ ಬಂದಳು. ಮನೆಗೇ ಬಾ, ಅಲ್ಲಿಗೆ ಬೇಡ ಅಂದಿದ್ದೆ. ಕೇಳುವ ಪೈಕಿಯಲ್ಲ ಅವಳು. ಸಿಸ್ಟರ್ ಕೈಲಿ ಎರಡು ಸಲ ಹೇಳಿಸಿಕೊಂಡು ಚಪ್ಪಲಿ ಹೊರಗೆ ಬಿಟ್ಟಳು. ಒಳಗೆ ಬಂದವಳೇ ಕೈಚೀಲದಿಂದ ಕುಕ್ಕೆಯ ಹುತ್ತದ ಮಣ್ಣಿನ ಪ್ರಸಾದ ತೆಗೆದು ಅಮ್ಮನ ಹಣೆಗಿಟ್ಟಳು. ಮೆಷಿನ್ನಿನ ಕೊಳವೆಗಳಲ್ಲಿ ಓಡುತ್ತಿದ್ದ ರಕ್ತವನ್ನು ಒಂದು ನಿಮಿಷ ದಿಟ್ಟಿಸಿ ನೋಡಿದಳು. ಆಮೇಲೆ ಅಂದಳು: "ಯಾವ ಜನ್ಮದ ಪಾಪಾನೋ ಅಕ್ಕಾ. ಇಲ್ಲೇ ತೀರಿಸ್ಕೊಂಡು ಹೋಗು, ಮುಂದಕ್ಕೆ ಉಳಿಸ್ಕೋಬೇಡ."

ಸಾಲದ ಕಂತಿನ ವಿಚಾರ ಹೇಳಿದ ಹಾಗೆ ಹೇಳಿದಳು. ಸಾಲದ ಕಂತಿನ ಮಾತನ್ನು ದಿನವೂ ಆಡುವವನು ನಾನು. ಪತ್ತಿನ ಸಹಕಾರ ಸಂಘದಲ್ಲಿ ಹದಿನೆಂಟು ವರ್ಷದಿಂದ ಅಸಲು ಬಡ್ಡಿ ಬರೆಯುತ್ತಾ ಕೂತಿದ್ದೇನೆ. ಹಾಗಾಗಿ ಸ್ವಲ್ಪ ಜಾಸ್ತಿಯೇ ಉರಿಯಿತು. ನಾಲ್ಕು ಗಂಟೆ ಮಂಚಕ್ಕೆ ಅಂಟಿಕೊಂಡು ಮಲಗಿದ ಹೆಂಗಸಿಗೆ ನೀನು ಪಾಪಿ ಅಂತ ಹೇಳೋಕೆ ಮೂವತ್ತು ಮೈಲಿ ಬಸ್ಸಲ್ಲಿ ಬರಬೇಕಿತ್ತಾ?

"ಕೊರಳಲ್ಲಿ ಲಿಂಗ ಇಟ್ಕೊಂಡು ಹಿಂದಿನ ಜನ್ಮದ ಮಾತಾಡ್ತೀಯಲ್ಲ ಚಿಕ್ಕಮ್ಮ. ಲಿಂಗ ಕಟ್ಟಿದ ದಿನವೇ ಅದೆಲ್ಲ ಕಳೀತು ಅಂತ ಮಠದಲ್ಲಿ ಎಷ್ಟು ಸಲ ಕೇಳಿದ್ದೀಯ?" ಅಂದೆ. ದನಿ ಏರಿತ್ತು ಅಂತ ಕಾಣುತ್ತೆ, ಎದುರು ಮಂಚದ ಬಳೆ ಅಂಗಡಿ ಅಜ್ಜ ಕಣ್ಣುಬಿಟ್ಟು ನೋಡಿದರು. ಚಿಕ್ಕಮ್ಮನ ಮುಖ ಸಣ್ಣದಾಯಿತು. ನನಗೆ ಒಳಗೊಳಗೇ ಗೆದ್ದ ಖುಷಿ.

ಅಷ್ಟರಲ್ಲಿ ನಿದ್ದೆ ಮಾಡ್ತಿದಾಳೆ ಅಂದುಕೊಂಡಿದ್ದ ಅಮ್ಮ, ಕಣ್ಣು ಮುಚ್ಚಿಕೊಂಡೇ ಅಂದಳು:

"ಹಿಂದಿನ ಜನ್ಮದ್ದು ಅಲ್ಲ ಅಂದ್ರೆ ಈ ಜನ್ಮದ್ದು ಅಂತಾಗುತ್ತೆ ಕಣೋ. ಅದು ಬೇಕಾ ನಿಂಗೆ?"

ಅಷ್ಟೇ. ಆಮೇಲೆ ಮಗ್ಗುಲಿಗೆ ತಲೆ ಹೊರಳಿಸಿದಳು. ಕೈ ಅಲ್ಲಾಡಿಸುವ ಹಾಗಿಲ್ಲ, ಅಲ್ಲಾಡಿಸಿದರೆ ಮೆಷಿನ್ನು ಕೂಗಿಕೊಳ್ಳುತ್ತೆ.

ನಮ್ಮದು ತಿಪಟೂರು ಸೀಮೆ. ತೆಂಗಿನ ತೋಟದ ನಡುವೆ ಮನೆ. ಹೊರಗೆ ಕಾಲಿಟ್ಟರೆ ಎಳನೀರು, ಅಮ್ಮನಿಗೆ ಮಾತ್ರ ಅದು ವಿಷ. ಪೊಟ್ಯಾಸಿಯಂ ಏರಿದರೆ ಹೃದಯ ನಿಲ್ಲಬಹುದು ಅಂತ ಮೊದಲ ವಾರವೇ ಹೆದರಿಸಿ ಕಳಿಸಿದ್ದರು. ಬಾಳೆಹಣ್ಣೂ ಇಲ್ಲ. ಎಂಥ ಜಾತ್ರೆಗೆ ಹೋದರೂ ಪ್ರಸಾದ ಅಂತ ಕೈಗೆ ಬರುವುದು ತೆಂಗಿನಕಾಯಿ, ಬಾಳೆಹಣ್ಣು ತಾನೆ? ಎಡೆಯೂರಿಗೆ ಹೋದಾಗ ಕೊಟ್ಟ ಬಾಳೆಹಣ್ಣನ್ನು ಅಮ್ಮ ಕಣ್ಣಿಗೊತ್ತಿಕೊಂಡು ಪಕ್ಕದಲ್ಲಿದ್ದ ಮಗುವಿಗೆ ಕೊಟ್ಟಳು. ನನಗೆ ನೋಡಲಾಗಲಿಲ್ಲ. ಅವಳಿಗೆ ಏನೂ ಅನ್ನಿಸಲಿಲ್ಲವೋ, ಅನ್ನಿಸಿದ್ದನ್ನು ನುಂಗಿದಳೋ ಗೊತ್ತಿಲ್ಲ.

ದಿನಕ್ಕೆ ಒಂದು ಲೀಟರು ನೀರು. ಕಾಫಿ, ಸಾರು, ಮಜ್ಜಿಗೆ, ಮಾತ್ರೆ ನುಂಗುವ ಗುಟುಕು, ಎಲ್ಲ ಸೇರಿ. ಬೆಳಿಗ್ಗೆ ಒಂದು ಲೀಟರಿನ ಹಳೇ ಬಾಟಲಿ ತುಂಬಿಟ್ಟುಕೊಳ್ಳುತ್ತಾಳೆ. ಬೇರೆ ಏನು ಕುಡಿದರೂ ಅಷ್ಟೇ ನೀರನ್ನು ಬಾಟಲಿಯಿಂದ ತುಳಸಿಗೆ ಸುರಿದುಬಿಡುತ್ತಾಳೆ. ಆದರೆ ಲಿಂಗಪೂಜೆಯ ಪಾದೋದಕ ಮಾತ್ರ ಲೆಕ್ಕಕ್ಕಿಲ್ಲ. ಮೂರು ಉದ್ಧರಣೆ ಇದ್ದದ್ದು ಬರ್ತಾ ಬರ್ತಾ ಸಣ್ಣ ಲೋಟ ಆಗಿತ್ತು. ಒಮ್ಮೆ ತೂಕ ಎರಡು ಮುಕ್ಕಾಲು ಕೇಜಿ ಏರಿದಾಗ ಸಿಸ್ಟರ್ ಗದರಿದರು. "ಅದು ನೀರಲ್ಲಮ್ಮ, ತೀರ್ಥ" ಅಂದಳು ಅಮ್ಮ. "ಕಿಡ್ನಿಗೆ ಅದು ಗೊತ್ತಾಗಲ್ಲವಲ್ಲ ಅಜ್ಜಿ" ಅಂದರು ಸಿಸ್ಟರ್. ವಾರ್ಡಿಗೆ ವಾರ್ಡೇ ನಕ್ಕಿತು, ಅಮ್ಮನೂ ನಕ್ಕಳು. ಮಾರನೇ ದಿನದಿಂದ ಮತ್ತೆ ಮೂರು ಉದ್ಧರಣೆ.

ಡಯಾಲಿಸಿಸ್ ಸೂಜಿ ಚುಚ್ಚಲು ಮಾಡಿದ ಫಿಸ್ಟುಲಾ ಇರುವುದು ಅಮ್ಮನ ಎಡಗೈಯಲ್ಲಿ. ಬಲಗೈ ಕೆಲಸದ ಕೈ ಅಂತ ಎಡಗೈಯಲ್ಲೇ ಅಪಧಮನಿಗೂ ಅಭಿಧಮನಿಗೂ ಹೊಲಿಗೆ ಹಾಕಿ ಕೂಡಿಸಿದ್ದಾರೆ. ಎರಡು ವರ್ಷದಲ್ಲಿ ಅಲ್ಲಿನ ರಕ್ತನಾಳ ಹೆಬ್ಬೆರಳು ಗಾತ್ರಕ್ಕೆ ಉಬ್ಬಿ, ಮುಂದೋಳಿನ ಮೇಲೆ ಸುತ್ತಿಕೊಂಡು ಮಲಗಿದೆ. ಚಿಕ್ಕಮ್ಮ ಸರ್ಪಸಂಸ್ಕಾರ ಮಾಡಿಸಿ ಅಂತ ಜೀವ ತಿನ್ನುತ್ತಿರುವುದು ಅದನ್ನು ನೋಡಿಯೇ. "ಹಾವು ಥರಾನೇ ಇದೆ, ಇನ್ನೇನು ಸಾಕ್ಷಿ ಬೇಕು ನಿಮಗೆ?" ಬೆರಳಿಟ್ಟರೆ ಗುಂಯ್ ಅನ್ನುವ ನಡುಕ ತಿಳಿಯುತ್ತೆ. ಆ ನಡುಕ ನಿಂತರೆ ಆಸ್ಪತ್ರೆಗೆ ಓಡಬೇಕು, ಒಳಗೆ ರಕ್ತ ಹೆಪ್ಪುಗಟ್ಟಿದೆ ಅಂತರ್ಥ. ಲಿಂಗಪೂಜೆಗೆ ಲಿಂಗ ಇಟ್ಟುಕೊಳ್ಳುವುದೂ ಎಡ ಅಂಗೈಯಲ್ಲೇ. ಮುಂಜಾನೆ ಐದಕ್ಕೆ ಎದ್ದು ನೋಡಿದರೆ, ಕುರ್ಚಿ ಮೇಲೆ ಕೂತ ಅಮ್ಮನ ಎಡ ಅಂಗೈ ಮೇಲೆ ಲಿಂಗ, ಗೇಣು ಹಿಂದೆ ಮುಂದೋಳಲ್ಲಿ ಅದುರುತ್ತಿರುವ ನಾಳ. ಬಲಗೈಯಲ್ಲಿ ವಿಭೂತಿ ಇಟ್ಟು ಪತ್ರೆ ಏರಿಸಿ, ಅದೇ ಬಲಗೈ ಬೆರಳನ್ನು ನಾಳದ ಮೇಲಿಟ್ಟು ಗುಂಯ್ ಇದೆಯಾ ಅಂತ ನೋಡಿಕೊಳ್ಳುತ್ತಾಳೆ. ಇದೂ ಪೂಜೆಯ ಒಂದು ಭಾಗ ಅನ್ನುವ ಹಾಗೆ ಆಗಿಬಿಟ್ಟಿದೆ. ದುಂಬಿ ಇದೆ ಅಂತಾಳೆ. ದುಂಬಿ ಇದ್ದರೆ ಆ ದಿನ ಅಡ್ಡಿಯಿಲ್ಲ.

ಇಂಥ ನಂಬಿಕೆಯ ಮೇಲೆ ನನಗೆ ತಕರಾರಿಲ್ಲ. ನನ್ನ ತಕರಾರು ಚಿಕ್ಕಮ್ಮನ ನಂಬಿಕೆಯ ಮೇಲೆ. ತನಗೆ ಕಷ್ಟ ಬಂದರೆ ದೇವರು ಪರೀಕ್ಷೆ ಮಾಡ್ತಿದಾನೆ, ಪಕ್ಕದವರಿಗೆ ಬಂದರೆ ಮಾಡಿದ್ದುಣ್ಣೋ ಮಹಾರಾಯ. ಅವಳ ಸೊಸೆಗೆ ಎರಡು ಸಲ ಗರ್ಭ ನಿಲ್ಲದೇ ಹೋದಾಗ ಆ ಹುಡುಗಿಯ ತವರಿನ ನಾಗದೋಷದ ವರೆಗೂ ಹೋಗಿ ಬಂದವಳು ಇವಳು. ಹುಡುಗಿ ಎದುರಿಗೇ ಹೇಳುತ್ತಿದ್ದಳು. ಆ ಹುಡುಗಿ ಸಾರು ಬಡಿಸುತ್ತಾ ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದುದು ನನಗೆ ಮರೆತಿಲ್ಲ. ಕೆಟ್ಟ ಹೆಂಗಸಲ್ಲ. ಅಮ್ಮನ ಆಪರೇಷನ್ನಿಗೆ ಕೈಬಳೆ ಒತ್ತೆ ಇಟ್ಟು ದುಡ್ಡು ತಂದವಳೂ ಇವಳೇ. ಬಾಯಿ ಮಾತ್ರ ಹಾಗೆ.

ವಾರ್ಡಿನಲ್ಲಿ ಐದು ಮಂಚ. ಬಳೆ ಅಂಗಡಿ ಅಜ್ಜ ಮೆಷಿನ್ನಿಗೆ ಹಚ್ಚಿದ ಮೇಲೂ ಹೊತ್ತಾದರೆ ಕಣ್ಣು ಮುಚ್ಚಿ, ತಲೆ ಮಾತ್ರ ಬಾಗಿಸಿ ನಮಾಜು ಮಾಡುತ್ತಾರೆ. ಹೋದ ರಂಜಾನಿನಲ್ಲಿ ರೋಜಾ ಹಿಡಿಯಕ್ಕಾಗಲಿಲ್ಲ ಅಂತ ಕಣ್ಣೀರು ಹಾಕಿದ್ದರು. ಕಾಯಿಲೆಯವರಿಗೆ ಕಡ್ಡಾಯವಲ್ಲ, ಬಿಟ್ಟ ದಿನಕ್ಕೊಬ್ಬ ಬಡವನಿಗೆ ಊಟ ಹಾಕಿದರಾಯಿತು ಅಂತ ಮೌಲ್ವಿಗಳು ಹೇಳಿದ್ದರಂತೆ. ಹಾಕಿದರು ಕೂಡ. "ಅವನ ಕಡೆಯಿಂದ ಮಾಫಿ ಆಯ್ತು, ನನ್ನ ಮನಸ್ಸಿನ ಕಡೆಯಿಂದ ಆಗ್ಲಿಲ್ಲ" ಅಂದರು. ಅವರ ಪಕ್ಕದ ಮಂಚದ ಇಪ್ಪತ್ನಾಲ್ಕರ ಹುಡುಗನಿಗೆ ಯಾವ ದೇವರೂ ಇಲ್ಲ. ಕಿಡ್ನಿ ಯಾಕೆ ಹೋಯಿತು ಅಂತ ಡಾಕ್ಟರಿಗೂ ಗೊತ್ತಿಲ್ಲ. ಅವನ ಫೈಲಿನಲ್ಲಿ ಕಾರಣ ಅನ್ನುವ ಕಡೆ ತಿಳಿದುಬಂದಿಲ್ಲ ಅಂತಲೇ ಬರೆದಿದೆ. ನಾಲ್ಕು ಗಂಟೆಯೂ ಮೊಬೈಲಲ್ಲಿ ಆಟ ಆಡುತ್ತಾ, ಸೋತಾಗ ಸಿಸ್ಟರಿಗೂ ಬೈದು, ವಾರ್ಡಿನಲ್ಲಿ ಎಲ್ಲರಿಗಿಂತ ಖುಷಿಯಾಗಿರುವವನು ಅವನೇ. ದೇವರಿಲ್ಲದಿದ್ದರೆ ಇಂಥದ್ದನ್ನು ತಡೆಯಕ್ಕಾಗಲ್ಲ ಅನ್ನುವವರು ಅವನನ್ನು ಒಂದು ಸಲ ನೋಡಬೇಕು. ದೇವರಿದ್ದರೆ ಎಲ್ಲ ಸಲೀಸು ಅನ್ನುವವರು ಅಜ್ಜನನ್ನು ನೋಡಲಿ.

ಸೋಮವಾರ ಸಂಜೆ ಅಮ್ಮನನ್ನು ಮನೆಗೆ ಬಿಟ್ಟು ಸಂಘಕ್ಕೆ ಹೋಗಿ ಕೂತೆ. ಲೆಡ್ಜರ್ ತೆರೆದರೆ ಅದೇ ಮಾತು. ಅದು ಬೇಕಾ ನಿಂಗೆ? ಮೊದಲಿಗೆ ತಂಗಿಯ ಮಾನ ಉಳಿಸಲು ಹಾಗಂದಳು ಅಂದುಕೊಂಡೆ. ಮಂಗಳವಾರ ಬೇರೆ ಥರ ಕೇಳಿಸಿತು. ಹಿಂದಿನ ಜನ್ಮದ ಸಾಲ ಅಂದರೆ ಅದಕ್ಕೊಂದು ಮೊತ್ತ ಇದೆ, ಕಂತು ಇದೆ, ಒಂದು ದಿನ ತೀರುತ್ತೆ. ಮೆಷಿನ್ನಿಗೆ ಹೋಗುವ ಒಂದೊಂದು ಸಲವೂ ಒಂದೊಂದು ಕಂತು. ನಾನು ಕೊಡುವ ವಿವರಣೆಯಲ್ಲಿ, ಸಕ್ಕರೆ ಕಾಯಿಲೆ, ಬಿಪಿ, ಕ್ರಿಯಾಟಿನಿನ್, ಇದರಲ್ಲಿ ಕಂತೂ ಇಲ್ಲ, ಮುಗಿಯುವ ದಿನಾಂಕವೂ ಇಲ್ಲ. ಪಾಪ ಅನ್ನುವ ಮಾತಿನಲ್ಲಿ ಅವಮಾನ ಇದೆ ಅಂತ ನಾನು ಸಿಟ್ಟಾಗಿದ್ದೆ. ಅವಳು ಅದರಲ್ಲಿ ಕೊನೆಯ ಕಂತು ನೋಡುತ್ತಿದ್ದಳೇನೋ.

ಇದೂ ಸರಿಯಾಗಿ ಕೂರಲಿಲ್ಲ. ನಿಂಗೆ ಅಂದಿದ್ದಳಲ್ಲ. ಅದು ಬೇಕಾ ಅಂತಷ್ಟೇ ಅನ್ನಬಹುದಿತ್ತು. ನಿಂಗೆ ಯಾಕೆ ಬಂತು?

ಬುಧವಾರ ರಾತ್ರಿ ಅದು ಹೊಳೆಯಿತು. ಹೊಳೆಯಿತು ಅನ್ನುವುದೂ ಸುಳ್ಳು. ಎರಡು ವರ್ಷದಿಂದ ಗೊತ್ತಿದ್ದದ್ದೇ.

ಅಮ್ಮನಿಗೆ ಮಂಡಿನೋವು ಶುರುವಾದಾಗ ನನಗೆ ಮೂವತ್ತೆಂಟು. ತೋಟದಲ್ಲಿ ಕಾಯಿ ಆಯುವುದು, ಕೊಬ್ಬರಿ ಅಟ್ಟ ಹತ್ತುವುದು ಬಿಡು ಅಂದರೆ ಬಿಡಲಿಲ್ಲ. ಬಸ್‌ಸ್ಟ್ಯಾಂಡ್ ಪಕ್ಕದ ಮೆಡಿಕಲ್ ಸ್ಟೋರಿನಲ್ಲಿ ಚೀಟಿ ಇಲ್ಲದೆ ನೋವಿನ ಮಾತ್ರೆ ಕೊಟ್ಟರು, ಡೈಕ್ಲೋಫೆನಾಕ್. ನುಂಗಿದ ಅರ್ಧ ಗಂಟೆಗೆ ಅಮ್ಮ ಎದ್ದು ಓಡಾಡಿದಳು. ಮಗ ಒಳ್ಳೇ ಮಾತ್ರೆ ತಂದ ಅಂತ ಕೇರಿಗೆಲ್ಲ ಹೇಳಿಕೊಂಡು ಬಂದಳು. ಆಮೇಲೆ ಆರು ವರ್ಷ, ಸಂಬಳದ ದಿನ ಕಾಫಿಪುಡಿಯ ಜೊತೆ ಎರಡು ಸ್ಟ್ರಿಪ್ಪು. ಸಕ್ಕರೆ ಕಾಯಿಲೆ, ಬಿಪಿ ಎರಡೂ ಇರುವವರು ಇದನ್ನು ವರ್ಷಗಟ್ಟಲೆ ನುಂಗಿದರೆ ಕಿಡ್ನಿಗೆ ಏನಾಗುತ್ತೆ ಅಂತ ನಾನು ಕೇಳಲಿಲ್ಲ, ಕೊಟ್ಟವನು ಹೇಳಲಿಲ್ಲ. ಮೊದಲ ಸಲ ಕಾಲು ಊದಿಕೊಂಡು ದೊಡ್ಡ ಆಸ್ಪತ್ರೆಗೆ ಹೋದಾಗ ಡಾಕ್ಟರು ಕೇಳಿದ್ದರು. ನೋವಿನ ಮಾತ್ರೆ ಏನಾದ್ರೂ ತಗೋತಿದ್ರಾ? ನಾನು ಬಾಯಿ ತೆರೆಯುವ ಮೊದಲೇ ಅಮ್ಮ, "ಯಾವಾಗ್ಲೋ ಒಂದೊಂದು" ಅಂದಿದ್ದಳು. ಡಾಕ್ಟರು ಬರೆದುಕೊಂಡರು. ನಾನೂ ಸುಮ್ಮನಿದ್ದೆ.

ಸಕ್ಕರೆ ಕಾಯಿಲೆಯೊಂದರಿಂದಲೇ ಹೀಗಾಗಬಹುದಿತ್ತು ಅಂತ ಆಮೇಲೆ ಇನ್ನೊಬ್ಬ ಡಾಕ್ಟರು ಹೇಳಿದರು. ಯಾವುದು ಎಷ್ಟು ಪಾಲು ಅಂತ ಯಾರೂ ಲೆಕ್ಕ ಮಾಡಿ ಕೊಡಲಾರರು. ನಾನು ಮಾತ್ರ ರಾತ್ರಿ ಲೆಕ್ಕ ಹಾಕುತ್ತೇನೆ, ತಿಂಗಳಿಗೆ ಎರಡು ಸ್ಟ್ರಿಪ್ಪು, ಇಪ್ಪತ್ತು ಮಾತ್ರೆ, ಆರು ವರ್ಷ, 1440.

ಮಹಾಭಾರತದ ಮಾಂಡವ್ಯನ ಕತೆ ಚಿಕ್ಕಂದಿನಲ್ಲಿ ಅಮ್ಮನೇ ಹೇಳಿದ್ದಳು. ಕಳ್ಳರು ಆಶ್ರಮದಲ್ಲಿ ಬಚ್ಚಿಟ್ಟುಕೊಂಡರು, ರಾಜಭಟರು ಮೌನವಾಗಿದ್ದ ಋಷಿಯನ್ನೂ ಹಿಡಿದು ಶೂಲಕ್ಕೇರಿಸಿದರು. ಋಷಿ ಯಮಧರ್ಮನ ಹತ್ತಿರ ಹೋಗಿ, ಯಾವ ತಪ್ಪಿಗೆ ಈ ಶಿಕ್ಷೆ ಅಂತ ಕೇಳಿದ. ಹುಡುಗನಾಗಿದ್ದಾಗ ಹುಳುಗಳಿಗೆ ಹುಲ್ಲುಕಡ್ಡಿ ಚುಚ್ಚಿದ್ದೆಯಲ್ಲ, ಅದಕ್ಕೆ ಅಂದ ಧರ್ಮ. ಸಣ್ಣ ತಪ್ಪಿಗೆ ಇಷ್ಟು ದೊಡ್ಡ ಶಿಕ್ಷೆಯಾ ಅಂತ ಋಷಿ ಧರ್ಮನಿಗೇ ಶಾಪ ಕೊಟ್ಟ, ಅವನು ಭೂಮಿಯಲ್ಲಿ ವಿದುರನಾಗಿ ಹುಟ್ಟಬೇಕಾಯಿತು. ಲೆಕ್ಕ ಬರೆಯುವವನನ್ನೇ ಲೆಕ್ಕ ಕೇಳಿದ ಋಷಿ ಅಂತ ನನಗೆ ಆ ಕತೆ ಬಹಳ ಇಷ್ಟ. ಹದಿನಾಲ್ಕು ವರ್ಷ ತುಂಬುವವರೆಗೆ ಮಾಡಿದ್ದು ಯಾವುದೂ ಪಾಪವಲ್ಲ ಅಂತ ಕಾನೂನನ್ನೂ ಅವನೇ ಮಾಡಿದ. ಮೂವತ್ತೆಂಟಕ್ಕೆ ಯಾವ ರಿಯಾಯಿತಿಯನ್ನೂ ಇಟ್ಟ ಹಾಗಿಲ್ಲ.

ಹಾಗಾದರೆ ಅಮ್ಮನಿಗೆ ಗೊತ್ತಿದೆಯಾ? ಗೊತ್ತಿದ್ದೇ, ನನ್ನ ಹೆಸರಿನ ಖಾತೆಯಿಂದ ತೆಗೆದು ಯಾರೂ ಕಾಣದ ಯಾವುದೋ ಜನ್ಮದ ಖಾತೆಗೆ ಜಮಾ ಮಾಡಿದಳಾ? ಅಲ್ಲಿಗೆ ಯಾವ ಆಡಿಟ್ಟೂ ಹೋಗುವುದಿಲ್ಲವಲ್ಲ. ಅವಳು ನಂಬುತ್ತಾಳೋ, ನನಗೋಸ್ಕರ ನಂಬಿದ ಹಾಗೆ ಇದ್ದಾಳೋ? ನಂಬಿಕೆ ಕಷ್ಟಕ್ಕೆ ಅರ್ಥ ಕೊಡುತ್ತಾ ಅಂತ ಜನ ವಾದ ಮಾಡುವುದನ್ನು ಕೇಳಿದ್ದೇನೆ, ನಾನೂ ಮಾಡಿದ್ದೇನೆ. ಕೊಡುತ್ತೆ ಅನ್ನುವವರೂ ಕೊಡಲ್ಲ ಅನ್ನುವವರೂ, ನರಳುವವನು ತನಗೋಸ್ಕರ ನಂಬುತ್ತಾನೆ ಅಂತಲೇ ಹೊರಡುತ್ತಾರೆ. ಮಂಚದ ಮೇಲೆ ಮಲಗಿದವಳು ಪಕ್ಕದ ಸ್ಟೂಲಿನ ಮೇಲೆ ಕೂತವನಿಗೋಸ್ಕರ ನಂಬಬಹುದು ಅಂತ ನನಗೆ ಈ ವಾರದವರೆಗೆ ತೋಚಿರಲಿಲ್ಲ. ಅಥವಾ ಇದೆಲ್ಲ ನಾನೇ ಕಟ್ಟಿಕೊಂಡ ಕತೆ ಇರಬಹುದು. ಅವಳು ಆ ಕ್ಷಣ ಬರೀ ತಂಗಿಯ ಪರ ವಹಿಸಿದ್ದಿರಬಹುದು. ಮೆಷಿನ್ನಿಗೆ ಹಚ್ಚಿದಾಗ ಮಂಪರು ಬೇರೆ ಇರುತ್ತೆ.

ಗುರುವಾರದ ಸರದಿ ಮುಗಿಸಿ ಬಂದೆವು. ತೂಕ ಸರಿಯಿತ್ತು. ಚಿಕ್ಕಮ್ಮನಿಗೆ ಫೋನು ಮಾಡಿ, ಸೋಮವಾರ ಜೋರು ಮಾಡಿದ್ದಕ್ಕೆ ಬೇಜಾರು ಮಾಡ್ಕೋಬೇಡ ಅಂದೆ. ಬೇಜಾರೆಲ್ಲಿದೆ, ಸರ್ಪಸಂಸ್ಕಾರಕ್ಕೆ ಯಾವಾಗ ಹೋಗೋಣ ಅಂದಳು.

ರಾತ್ರಿ ಊಟವಾದ ಮೇಲೆ ಅಮ್ಮನ ಮಂಡಿ ನೋವು ಎದ್ದಿತು. ಮಾತ್ರೆ ಕೇಳುವುದನ್ನು ಅವಳು ಬಿಟ್ಟು ಎರಡು ವರ್ಷವಾಯಿತು. ಕೊಬ್ಬರಿ ಎಣ್ಣೆ ಬಿಸಿ ಮಾಡಿ ತಂದು ಕೆಳಗೆ ಕೂತು ನೀವತೊಡಗಿದೆ. ಕರೆಂಟು ಹೋಗಿತ್ತು, ಅವಳ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ಇದೇ ಸಮಯ ಅನ್ನಿಸಿತು.

"ಅಮ್ಮಾ, ಆಗ ನಾನು ಆ ಮಾತ್ರೆ ತಂದಿದ್ನಲ್ಲ..."

"ಆ ಕಾಲಲ್ಲ ಕಣೋ, ಈ ಕಾಲು" ಅಂದಳು ಅಮ್ಮ, ಬಲಗಾಲನ್ನು ನನ್ನ ಕಡೆಗೆ ಸರಿಸುತ್ತಾ.