ಎಮ್ಮೆ ನೆರಳಲ್ಲಿ ಮೋತಿ

ಮೇ ತಿಂಗಳು ಬಂತೆಂದರೆ ನಮ್ಮ ಮನೆಯಲ್ಲಿ ಯಾರು ಎಷ್ಟು ಹೊತ್ತಿಗೆ ಏಳಬೇಕು ಅನ್ನೋದನ್ನು ಮೋತಿ ತೀರ್ಮಾನಿಸುತ್ತಾನೆ. ಆರು ಗಂಟೆಗೆ ಹಾಸಿಗೆ ಪಕ್ಕ ಬಂದು ಒದ್ದೆ ಮೂಗನ್ನು ಕೈಗೆ ಒತ್ತುತ್ತಾನೆ. ಎದ್ದರೆ ಸರಿ. ಇಲ್ಲದಿದ್ದರೆ ನನ್ನ ಚಪ್ಪಲಿ ಕಚ್ಚಿ ತಂದು ಇಡುತ್ತಾನೆ, ಅದೂ ಒಂದೇ ಕಾಲಿನದು. ಅವನಿಗೆ ಕೆಲಗೇರಿ ಕೆರೆಗೆ ಹೋಗಬೇಕು.

ಕೆರೆ ಇರುವುದು ಧಾರವಾಡದ ಪಶ್ಚಿಮದ ಅಂಚಿನಲ್ಲಿ, ಗೋವಾ ರಸ್ತೆ ಕಡೆ. ನಾವಿರುವ ಸಪ್ತಾಪುರದಿಂದ ನಾಯಿ ಹಿಡಿದುಕೊಂಡು, ಕಂಬ ಕಂಬಕ್ಕೂ ನಿಂತುಕೊಂಡು ಹೋದರೆ ಅರ್ಧ ತಾಸಿನ ಮೇಲೆಯೇ ಬೇಕು. ಬೆಳಗಿನಲ್ಲಿ ಆ ನಡಿಗೆ ಸುಖ. ಬಿಸಿಲು ಏರಿದ ಮೇಲೆ ಡಾಂಬರು ಸುಡುತ್ತದೆ. ಹೊರಡೋದು ತಡವಾದರೆ ನಾನು ರಸ್ತೆಗೆ ಹಿಂಗೈ ಒತ್ತಿ ನೋಡುತ್ತೇನೆ. ಏಳೆಂಟು ಸೆಕೆಂಡು ತಡೆಯಲು ಆಗದಿದ್ದರೆ ಅವನ ಅಂಗಾಲಿಗೂ ಆಗಲ್ಲ. ನಮ್ಮ ಕಾಲಲ್ಲಿ ಚಪ್ಪಲಿ ಇರುತ್ತದೆ, ಅದಕ್ಕೇ ಇದು ನೆನಪಾಗಲ್ಲ, ಅಲ್ವಾ?

ಮೊನ್ನೆ ಭಾನುವಾರ ಇಡೀ ದಿನ ಅಲ್ಲೇ ಕಳೆಯೋಣ ಅಂತ ರೊಟ್ಟಿ, ಮೊಸರನ್ನ, ಕುಡಿಯುವ ನೀರು ಕಟ್ಟಿಕೊಂಡು ಹೊರಟೆ. ಒಂದು ಚೆಂಡೂ ಇತ್ತು. ವಿಡಿಯೊಗಳಲ್ಲಿ ನೋಡಿರುತ್ತೇವಲ್ಲ, ಚೆಂಡು ಎಸೆದರೆ ನಾಯಿ ಧುಮುಕಿ ತರುತ್ತದೆ. ನಾನೂ ಎಸೆದೆ. ಮೋತಿ ಚೆಂಡನ್ನು ನೋಡಿದ, ನನ್ನನ್ನು ನೋಡಿದ, ಆಮೇಲೆ ನಿಧಾನವಾಗಿ ಇಳಿದು ಹೊಟ್ಟೆಮಟ್ಟದ ನೀರಿನಲ್ಲಿ ನಿಂತುಬಿಟ್ಟ. ಚೆಂಡು ತೇಲಿಕೊಂಡು ತನ್ನ ಪಾಡಿಗೆ ಹೋಯಿತು.

ಆ ಹೊಟ್ಟೆಮಟ್ಟ ಅನ್ನೋದು ಸುಮ್ನೆ ಅಲ್ಲ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರೋದಿಲ್ಲ. ಅಂಗಾಲಿನಲ್ಲಿ ಸ್ವಲ್ಪ ಬೆವರುತ್ತದೆ, ಉಳಿದ ಕೆಲಸವೆಲ್ಲ ನಾಲಿಗೆಯದು. ಏದುಸಿರು ಬಿಟ್ಟಾಗ ಬಾಯಿ, ನಾಲಿಗೆಯ ತೇವ ಆರುತ್ತದೆ, ಅದರ ಜೊತೆ ಒಳಗಿನ ಶಾಖವೂ ಹೋಗುತ್ತದೆ. ಹೊಟ್ಟೆ, ತೊಡೆಸಂದಿಯಲ್ಲಿ ಕೂದಲು ಕಡಿಮೆ. ಅಲ್ಲಿಗೆ ತಣ್ಣೀರು ತಾಗಿದರೆ ಬೇಗ ಆರಾಮ.  ಸಾಮಾನ್ಯವಾಗಿ ಅವನು ಬೆನ್ನು ತೋಯಿಸಿಕೊಳ್ಳಲ್ಲ.

ಬಿಸಿಲು ಜೋರಾಗುವ ಹೊತ್ತಿಗೆ ಒಬ್ಬ ಅಜ್ಜ ಎರಡು ಎಮ್ಮೆ ಹೊಡೆದುಕೊಂಡು ಬಂದರು. ಎಮ್ಮೆಗಳು ನೀರಿಗೆ ಇಳಿದು ನಿಂತವು. ಮೋತಿ ಬೊಗಳುತ್ತಾನೆ ಅಂತ ನಾನು ಹಗ್ಗ ಬಿಗಿ ಹಿಡಿದೆ. ಅವನು ಬೊಗಳಲಿಲ್ಲ. ಸರಿಯುತ್ತ ಸರಿಯುತ್ತ ಹೋಗಿ ದೊಡ್ಡ ಎಮ್ಮೆಯ ನೆರಳಿಗೆ ನಿಂತ. ಎಮ್ಮೆ ಒಂದು ಹೆಜ್ಜೆ ಮುಂದೆ ಹೋದರೆ ಇವನೂ ಒಂದು ಹೆಜ್ಜೆ. ಬಾಡಿಗೆ ಇಲ್ಲದೆ ಸಿಕ್ಕ ಕೊಡೆ!

"ಏನಪಾ, ನಾಯಿಗೆ ಜಳಕಾ ಮಾಡ್ಸಾಕ ಬಂದಿಯೇನು?" ಅಂದರು ಅಜ್ಜ.

"ಇಲ್ರೀ ಅಜ್ಜಾರ, ಅದ ನನ್ನ ಕರ್ಕೊಂಡು ಬಂದೈತಿ."

"ಮೈ ತೆಳ್ಳಗ ಐತಿ. ಮುಧೋಳ ತಳಿ ಏನು?"

"ಸಪ್ತಾಪುರ ತಳಿರೀ. ಗಟಾರದ ಪಕ್ಕ ಸಿಕ್ಕಿತ್ತು."

ಅಜ್ಜ ನಕ್ಕರು. ಆಮೇಲೆ ಎಮ್ಮೆಯ ಕುಡುಗೋಲಿನಂಥ ಕೊಂಬು ತೋರಿಸಿ, "ಇದು ನೋಡಪಾ, ಖರೇ ಧಾರವಾಡಿ" ಅಂದರು. ಹೆಮ್ಮೆ ಪಡೋದು ಸರಿಯೇ. ಧಾರವಾಡಿ ಎಮ್ಮೆಗೆ ಪ್ರತ್ಯೇಕ ತಳಿ ಅಂತ 2021ರಲ್ಲಿ ರಾಷ್ಟ್ರಮಟ್ಟದ ಮಾನ್ಯತೆ ಸಿಕ್ಕಿತು. ನಮ್ಮೂರ ಪೇಡೆಯ ರುಚಿಗೆ ಈ ಎಮ್ಮೆಯ ಹಾಲೂ ಕಾರಣ ಅಂತಾರೆ. ಎಮ್ಮೆಗೂ ಬೆವರಿನ ಗ್ರಂಥಿ ಆಕಳಿಗಿಂತ ಬಹಳ ಕಡಿಮೆ. ಮೇಲೆ ಕಪ್ಪು ಚರ್ಮ. ನೀರು, ಕೆಸರು ಸಿಗದಿದ್ದರೆ ಅದಕ್ಕೆ ಬೇಸಿಗೆ ಕಳೆಯೋದೇ ಕಷ್ಟ. "ನೀರಾಗ ಕುಂತ್ರನ ಹಾಲು, ಇಲ್ಲಂದ್ರ ಚರಿಗೀನೂ ತುಂಬಂಗಿಲ್ಲ" ಅಂದರು ಅಜ್ಜ. ಹೋಗುವಾಗ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿನ್ನ ನಾಯಿಗೆ ಬುದ್ಧಿ ಐತಿ. ಅದು ನೆಳ್ಳಾಗ ಐತಿ, ನೀ ಬಿಸಲಾಗ ನಿಂತಿ" ಅಂದುಬಿಟ್ಟರು.

ಒಂದು ಮೂಲೆಗೆ ಮಾತ್ರ ನಾನು ಅವನನ್ನು ಬಿಡಲ್ಲ. ನೀರಿಳಿದ ಬೇಸಿಗೆಯಲ್ಲಿ, ಗಾಳಿ ಆಡದ ಕಡೆ, ಹಸಿರು ಬಣ್ಣ ಚೆಲ್ಲಿದ ಹಾಗೆ ಪಾಚಿ ಕಟ್ಟುತ್ತದೆ. ಅಂಥ ನೀಲಿ-ಹಸಿರು ಪಾಚಿಯಲ್ಲಿ ಕೆಲವು ವಿಷ ಬಿಡುತ್ತವೆ. ಆ ನೀರು ಕುಡಿದರೆ, ಮೈಗೆ ಹತ್ತಿದ್ದನ್ನು ನೆಕ್ಕಿದರೆ ನಾಯಿಯ ಜೀವಕ್ಕೇ ಅಪಾಯ. ಕುಡಿಯೋಕೆ ಮನೆಯ ನೀರು ಒಯ್ಯೋದು ಅದಕ್ಕೇ. ನೀರಿನ ಮೇಲೆ ತೇಲುವ ಅಂತರಗಂಗೆ ಗಿಡದ ಪಾಠವನ್ನು ಮಾತ್ರ ಅವನು ತಾನೇ ಕಲಿತ. ಹೋದ ವರ್ಷ ದಂಡೆಯ ಹತ್ತಿರ ಅದನ್ನು ಹುಲ್ಲುಗಾವಲು ಅಂದುಕೊಂಡು ಓಡಿದ. ಮುಂಗಾಲು ಒಳಗೆ, ಮೂಗು ಒಳಗೆ. ಎದ್ದು ಬಂದು ನನ್ನ ಪ್ಯಾಂಟಿಗೇ ಮೈ ಝಾಡಿಸಿದ. ಈಗ ಹಸಿರು ಕಂಡರೆ ಮೊದಲು ಒಂದು ಕಾಲಿಟ್ಟು ಪರೀಕ್ಷೆ ಮಾಡುತ್ತಾನೆ.

ಮಧ್ಯಾಹ್ನ ಹೊಂಗೆ ಮರ. ಹೇಳೋದಕ್ಕೆ ಅಂಥದ್ದೇನಿಲ್ಲ. ಮೇಲಿನ ಒಣ ಮಣ್ಣು ಕೆದರಿ, ತಂಪು ಮಣ್ಣು ಸಿಕ್ಕ ಮೇಲೆ ಹೊಟ್ಟೆ ಊರಿ ಮಲಗಿದ. ನೆರಳು ಸರಿದ ಹಾಗೆ ಹೊಸ ಗುಂಡಿ. ಮೊಸರನ್ನದಲ್ಲಿ ನನಗಿಂತ ಅವನ ಪಾಲೇ ಜಾಸ್ತಿ.

ಮೂರರ ಮೇಲೆ ಮೋಡ ಕಟ್ಟಿತು. ಬಿಸಿಲು ಹೋಯಿತು, ಬಚಾವಾದೆವು ಅಂತ ನಮಗೆ ಅನ್ನಿಸುತ್ತದೆ. ನಾಯಿಗೆ ಇದೇ ಕಷ್ಟದ ಹೊತ್ತು. ಗಾಳಿಯಲ್ಲೇ ತೇವ ತುಂಬಿದರೆ ನಾಲಿಗೆಯ ತೇವ ಆರೋದಿಲ್ಲ, ಎಷ್ಟು ಏದುಸಿರು ಬಿಟ್ಟರೂ ಮೈ ತಣಿಯೋದಿಲ್ಲ. ನಾಯಿಯ ಮೈಶಾಖ ಮೊದಲೇ 38-39 ಡಿಗ್ರಿ, 41 ದಾಟಿದರೆ ಜೀವಕ್ಕೆ ಕುತ್ತು. ಮೋತಿಯ ನಾಲಿಗೆ ಅಗಲವಾಗಿ ಜೋತುಬಿತ್ತು, ಒಸಡು ಕೆಂಪೇರಿತು. ಅವನನ್ನು ಮತ್ತೆ ನೀರಿಗೆ ಇಳಿಸಿದೆ. ತಾನಾಗಿಯೇ ಕುಳಿತುಬಿಟ್ಟ, ಕತ್ತು ಮಾತ್ರ ಮೇಲೆ. ಸ್ವಲ್ಪ ಹೊತ್ತಿನಲ್ಲಿ ಉಸಿರು ಹದಕ್ಕೆ ಬಂತು. ಆಮೇಲೆ ಅಡ್ಡಮಳೆ ಬಂತು, ಹತ್ತು ನಿಮಿಷ ಧೋ ಅಂತ. ಕೆರೆಯಲ್ಲಿ ಕುಳಿತಿದ್ದವನು ಮಳೆ ಹನಿ ಬಿದ್ದ ಕೂಡಲೇ ಮರದಡಿಗೆ ಓಡಿದ! ಇವನ ತಲೆಯಲ್ಲಿ ಏನಿದೆಯೋ.

ಸಂಜೆ ವಾಪಸ್ ಬರುವಾಗ ದಾರಿಯಲ್ಲಿ ಗಿರ್ಮಿಟ್ ಗಾಡಿ. ನಾನು ಒಂದು ಪ್ಲೇಟ್ ತಗೊಂಡೆ. ಪಕ್ಕದ ಹುಡುಗ ಪಾಪ ಅಂತ ಒಂದು ಮುಟಗಿ ಇವನ ಮುಂದೆ ಹಾಕಲು ಬಂದ. "ಬ್ಯಾಡ ತಮ್ಮಾ, ಉಳ್ಳಾಗಡ್ಡಿ ಐತಿ" ಅಂದೆ. ಉಳ್ಳಾಗಡ್ಡಿ ನಾಯಿಯ ರಕ್ತದ ಕೆಂಪು ಕಣಗಳನ್ನೇ ಒಡೆಯುತ್ತದೆ, ಬೇಯಿಸಿದರೂ ಅಷ್ಟೇ. ಗಾಡಿಯವರು ಕೇಳಿಸಿಕೊಂಡು, "ಹಂಗಾದ್ರ ಬರೇ ಚುರಮುರಿ ಹಾಕ್ರಿ" ಅಂತ ಒಂದು ಹಿಡಿ ಕಾಗದದಲ್ಲಿ ಕೊಟ್ಟರು. ಮೋತಿ ಮೂಸಿ ಮುಖ ತಿರುಗಿಸಿದ. ಅವನ ಕಣ್ಣು ಮಿರ್ಚಿ ಬಾಣಲೆ ಮೇಲಿತ್ತು.